ಶುಂಠಿಗೆ ಕ್ಷೌರ

ಕತ್ತರಿ ಮೊದಲು ಕಚ್ಚಿದ್ದು ಬದರೀನಾರಾಯಣನ ಹೆಬ್ಬೆರಳನ್ನು. ನಾಯಿಯ ಒಂದು ಕೂದಲೂ ಕೊಂಕಿರಲಿಲ್ಲ.

ಬೆರಳನ್ನು ಬಾಯಿಗಿಟ್ಟುಕೊಂಡು ಅವನು ದಿವಾನ್ ಕಾಟಿನ ಕೆಳಗೆ ಬಗ್ಗಿ ನೋಡಿದ. ಹಳೆಯ ಸೂಟ್‌ಕೇಸಿನ ಹಿಂದೆ ಶುಂಠಿ ಗೋಡೆಗೆ ಅಂಟಿಕೊಂಡು ಕೂತಿತ್ತು.

"ಬಾರೋ ಶುಂಠಿ. ಏನೂ ಮಾಡಲ್ಲ, ಬಾ."

ಇಪ್ಪತ್ತೆರಡು ವರ್ಷ ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡಿದ ದನಿ ಅದು. ಕೊನೆಯ ಬೆಂಚಿನವರು ಅದನ್ನು ಯಾವತ್ತೂ ನಂಬಿದವರಲ್ಲ. ನಾಯಿಯೂ ನಂಬಲಿಲ್ಲ.

ಗಂಟೆ ಹನ್ನೊಂದೂವರೆ. ನಾಲ್ಕಕ್ಕೆ ದೀಪ್ತಿ ಬರುತ್ತಾಳೆ. ವೈಯಾಲಿಕಾವಲ್‌ನಲ್ಲಿ ಅವಳ ಚಿಕ್ಕಮ್ಮನ ಮೊಮ್ಮಗುವಿನ ನಾಮಕರಣ. ಮಗಳು ಆರಾಧನಾಳನ್ನು ಕರೆದುಕೊಂಡು ಬೆಳಿಗ್ಗೆಯೇ ಹೊರಟಿದ್ದಳು. ಚಪ್ಪಲಿ ಮೆಟ್ಟುತ್ತ, ಗಂಡನ ಮುಖ ನೋಡದೆ ಹೇಳಿದ್ದಳು:

"ರೀ, ನಾನು ಬರೋಷ್ಟೊತ್ತಿಗೆ ಈ ನಾಯಿ ಮನುಷ್ಯರು ಮುಟ್ಟೋ ಹಾಗಿರ್ಬೇಕು. ಇಲ್ದಿದ್ರೆ ಇವತ್ತೇ ವೇಣು ಕಾರಲ್ಲಿ ಹಾಕ್ಕೊಂಡು ತೋಟಕ್ಕೆ ಕರ್ಕೊಂಡ್ ಹೋಗ್ತಾನೆ. ಇನ್ನೊಂದು ಮಾತಿಲ್ಲ."

"ನೋಡೋಣ."

"ನೋಡೋಣ ನೋಡೋಣ ಅಂತ ಐದು ತಿಂಗಳಾಯ್ತು."

ವೇಣುಗೋಪಾಲ್ ಅವಳ ತಮ್ಮ. ಕನಕಪುರ ರಸ್ತೆಯಲ್ಲಿ ಅವನದೊಂದು ತೋಟವಿದೆ. ಅಲ್ಲಿ ಗೇಟಿಗೆ ಕಟ್ಟಿಹಾಕಿದ ಎರಡು ನಾಯಿಗಳಿವೆ. ಅವು ಮನುಷ್ಯರ ಮುಖ ನೋಡುವುದು ಅನ್ನ ಬಿದ್ದಾಗ ಮಾತ್ರ.

ದೀಪ್ತಿಯದೇನೂ ತಪ್ಪಿರಲಿಲ್ಲ. ಐದು ತಿಂಗಳ ಹಿಂದೆ ಬದರಿಯ ತಾಯಿ ಚೂಡಾಮಣಮ್ಮ ತೀರಿಕೊಂಡಂದಿನಿಂದ ಶುಂಠಿ ಯಾರಿಗೂ ಮೈ ಕೊಟ್ಟಿರಲಿಲ್ಲ. ಉದ್ದಕೂದಲಿನ ಜಾತಿ, ಕಿವಿಯ ಹಿಂದೆ, ಕಂಕುಳಲ್ಲಿ, ಹೊಟ್ಟೆಯಡಿ ಕೂದಲು ಜಡೆಗಟ್ಟಿ, ಕೆಳಗಿನ ಚರ್ಮ ಹುಣ್ಣಾಗಿ, ನೊಣ ಮುತ್ತುತ್ತಿತ್ತು. ಮನೆ ಬಾಗಿಲಿಗೇ ವ್ಯಾನು ತಂದು ನಾಯಿಗಳಿಗೆ ಸ್ನಾನ ಕ್ಷೌರ ಮಾಡಿಸುವ ಹುಡುಗಿಯೊಬ್ಬಳು ಬಂದವಳು ಕೈ ಕಚ್ಚಿಸಿಕೊಂಡು ಹೋದಳು. ಆಮೇಲೆ ಬಂದವನು ದೂರದಿಂದಲೇ ನೋಡಿ, ಇನ್ನೊಂದು ಕಡೆ ಅರ್ಜೆಂಟಿದೆಯೆಂದು ಹೊರಟ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ನಾಯಿ ನಾರುತ್ತಿತ್ತು.

ಆದರೂ ಅದು ಹೋಗಬಾರದು. ಬದರಿ ಅದನ್ನು ಒಂದು ದಿನವೂ ಮುದ್ದು ಮಾಡಿದವನಲ್ಲ. ಆದರೆ ಮಧ್ಯಾಹ್ನ ಒಂದು ಗಂಟೆಯಾದರೆ ಸಾಕು, ಅಡುಗೆಮನೆಯ ಹೊಸ್ತಿಲಿನ ಕಡೆ ಕಿವಿ ನಿಗುರಿಸಿ ಕೂರುವ ಜೀವ ಈ ಮನೆಯಲ್ಲಿ ಅದೊಂದೇ. ಅಮ್ಮ ಇಲ್ಲವೆನ್ನುವುದನ್ನು ಅದಿನ್ನೂ ಒಪ್ಪಿರಲಿಲ್ಲ. ಅದೂ ಹೋದರೆ ಅಮ್ಮ ನಿಜಕ್ಕೂ ಹೋಗಿಬಿಡುತ್ತಾಳೆ ಎಂದು ಅವನಿಗೆ ಹೆದರಿಕೆ.

ಮೊಬೈಲಿನಲ್ಲಿ ಮಗಳು ಹುಡುಕಿಕೊಟ್ಟ ವಿಡಿಯೋ ಇತ್ತು. ಬಿಳಿ ಏಪ್ರನ್ನಿನ ಹುಡುಗಿಯೊಬ್ಬಳು ನಗುನಗುತ್ತ ಹೇಳಿಕೊಡುತ್ತಿದ್ದಳು. ನಾಯಿ ನೆಕ್ಕುವಂಥದ್ದನ್ನು ಗೋಡೆಗೆ ಮೆತ್ತಿ. ಸಲಕರಣೆಯನ್ನು ಮೂಸಲು ಬಿಡಿ. ಒಂದು ಕೈ ಎದೆಯ ಮೇಲಿರಲಿ, ದನಿ ತಗ್ಗಿರಲಿ. ಕೊನೆಗೆ ಬೆರಳೆತ್ತಿ ಒಂದು ಎಚ್ಚರಿಕೆ: ಅಲ್ಲಾಡದೆ ನಿಂತ ನಾಯಿಯೆಲ್ಲ ಸಮಾಧಾನವಾಗಿದೆ ಅಂದ್ಕೋಬೇಡಿ. ಬದರಿ ಇಷ್ಟನ್ನೂ ವಿದ್ಯಾರ್ಥಿಯಂತೆ ಚೀಟಿಯಲ್ಲಿ ಬರೆದುಕೊಂಡಿದ್ದ. ಚೀಟಿ ಈಗ ನಾಯಿಯ ಜೊತೆ ದಿವಾನಿನ ಕೆಳಗಿತ್ತು.

ತುಪ್ಪಕ್ಕೆ ಬೆಲ್ಲ ಕಲಸಿ ಹಜಾರದ ಗೋಡೆಗೆ, ನಾಯಿಯ ಮೂತಿಯ ಎತ್ತರಕ್ಕೆ ಮೆತ್ತಿದ. ಶುಂಠಿ ಹೊರಬಂತು. ಮೂಸಿತು. ನಾಲ್ಕೇ ನೆಕ್ಕಿಗೆ ಗೋಡೆ ಲಕಲಕ ಹೊಳೆಯಿತು. ಅವನು ಇನ್ನೂ ಟ್ರಿಮ್ಮರಿನ ಗುಂಡಿ ಹುಡುಕುತ್ತಿದ್ದ. ಮತ್ತೆ ಮೆತ್ತಿದ. ಮತ್ತೆ ನಾಲ್ಕು ನೆಕ್ಕು. ಮೂರನೆಯ ಸಲ ಟ್ರಿಮ್ಮರು ಗುಂಯ್ ಎಂದದ್ದೇ ತಡ, ನಾಯಿ ತುಪ್ಪದ ಬಟ್ಟಲನ್ನು ಒದ್ದು, ಟೀಪಾಯಿ ದಾಟಿ, ಮತ್ತೆ ಕಾಟಿನಡಿ ಸೇರಿತು. ಒಟ್ಟಿನಲ್ಲಿ ತುಪ್ಪ ಖಾಲಿ, ಗೋಡೆ ಜಿಡ್ಡು, ನಾಯಿ ಹಾಗೇ ಇತ್ತು.

ಹನ್ನೆರಡೂಕಾಲಿಗೆ ಪಟ್ಟು ಬದಲಿಸಿದ. ಹಳೆಯ ಟವೆಲು ಎಸೆದು ಹಿಡಿದ. ನಾಯಿ ಟವೆಲಿನೊಳಗೆ ತಿರುಗಿ ಬೇರೆ ತುದಿಯಿಂದ ಈಚೆ ಬಂತು. ತಗ್ಗಿದ ದನಿಯಲ್ಲಿ ಹಾಡಿದ, ಅದು ಊಳಿಟ್ಟಿತು. ಕೊನೆಗೆ ಎರಡು ಮೊಣಕಾಲಿನ ನಡುವೆ ಒತ್ತಿ ಹಿಡಿದು ಕಿವಿಯ ಗಂಟಿಗೆ ಕತ್ತರಿ ಇಟ್ಟಾಗ ಅದು ಮೈಯನ್ನೆಲ್ಲ ತಿರುಚಿ, ಹಲ್ಲು ತೋರಿಸಿ, ಅವನ ಮುಖದ ಮೇಲೇ ಹಾರಿತು. ಬದರಿ ಹಿಂದಕ್ಕೆ ಬಿದ್ದ. ಬೀಳುವಾಗ ಅಂಗೈ ತಾನಾಗಿ ಮೇಲೆದ್ದಿತು. ಬಾಯಿಂದ ಅವನದಲ್ಲದ, ಕೀರಲು, ಗಡಸು ದನಿಯೊಂದು ಹೊರಬಿತ್ತು:

"ಮಡಿ! ಮುಟ್ಬೇಡ!"

ಶುಂಠಿ ಗರ ಬಡಿದಂತೆ ನಿಂತಿತು.

ಒಂದು ಮುಂಗಾಲು ಎತ್ತಿದ್ದು ಎತ್ತಿದಂತೆಯೇ ಇತ್ತು. ಆಮೇಲೆ ಅದನ್ನೂ ಮೆಲ್ಲಗೆ ಕೆಂಪು ನೆಲಕ್ಕೆ ಇಳಿಸಿ, ಬಾಲ ಇಳಿಬಿಟ್ಟು, ಅವನ ಅಂಗೈಯನ್ನೇ ನೋಡುತ್ತ ನಿಂತಿತು. ಟ್ರಿಮ್ಮರು ಪಕ್ಕದಲ್ಲೇ ಬಿದ್ದು ಗುಂಯ್‌ಗುಡುತ್ತಿತ್ತು. ಅದರ ಕಡೆ ತಿರುಗಿಯೂ ನೋಡಲಿಲ್ಲ.

ಬದರಿಗೆ ನಗು ಬಂತು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಲ್ಲಿ.

ಅಮ್ಮನ ಮಡಿ! ನಾಲ್ಕು ವರ್ಷದ ಹಿಂದೆ ಆರಾಧನಾ ಹಟ ಹಿಡಿದು ಈ ಮರಿಯನ್ನು ತಂದಾಗ ಅಮ್ಮ ಎರಡು ದಿನ ಮಾತು ಬಿಟ್ಟಿದ್ದಳು. ಮೂರನೆಯ ದಿನ ಒಣಶುಂಠಿಯ ಬಣ್ಣವೆಂದು ಅವಳೇ ಹೆಸರಿಟ್ಟಳು, ಅವಳೇ ಕಾನೂನನ್ನೂ ಮಾಡಿದಳು. ಬೆಳಿಗ್ಗೆ ಸ್ನಾನ ಮಾಡಿ, ಅಡುಗೆಮನೆಯ ಎತ್ತರದ ಗಳದ ಮೇಲೆ ಯಾರೂ ಮುಟ್ಟದೆ ಒಣಗಿದ ಸೀರೆಯನ್ನು ಕೋಲಿನಿಂದ ತೆಗೆದು ಉಟ್ಟಳೆಂದರೆ, ಪೂಜೆ ಅಡುಗೆ ಊಟ ಮುಗಿಯುವವರೆಗೆ ಅವಳನ್ನು ಯಾರೂ ಸೋಕುವಂತಿಲ್ಲ. ಮರಿಗೆ ಅವಳೆಂದರೆ ಪ್ರಾಣ. ಓಡಿ ಬರುತ್ತಿತ್ತು. ಅವಳು ಅಂಗೈ ಎತ್ತಿ "ಮಡಿ!" ಅನ್ನುತ್ತಿದ್ದಳು. ಒಂದು ತಿಂಗಳಲ್ಲಿ ಅದು ಎಲ್ಲಿದ್ದರೆ ಅಲ್ಲೇ ನಿಲ್ಲುವುದನ್ನು ಕಲಿತಿತು. ಬಸವನಗುಡಿಯಲ್ಲಿ ಹುಟ್ಟಿ ಬೆಳೆದ ಎಷ್ಟೋ ಮೊಮ್ಮಕ್ಕಳು ಕಲಿಯದ ವಿದ್ಯೆ. ಊಟವಾಗಿ ಸೀರೆ ಬದಲಾಯಿಸಿ ಹೊಸ್ತಿಲಿಗೆ ಬಂದು ಅವಳು "ಆಯ್ತು ಬಾ, ಮುಟ್ಕೋ" ಎಂದಾಗಲೇ ಅದಕ್ಕೆ ಬಿಡುಗಡೆ. ಆಮೇಲೆ ಒಂದು ಗಂಟೆ ಅವಳ ಕಾಲ ಮೇಲೆ ಮಲಗಿ ಬಾಚಿಸಿಕೊಳ್ಳುತ್ತಿತ್ತು.

ಇದೇ ಬದರಿ 'ಮಡಿ: ದೇಹ, ಗಡಿ, ಅಧಿಕಾರ' ಎಂದು ಇಪ್ಪತ್ತು ಪುಟದ ಪ್ರಬಂಧ ಬರೆದು ಧಾರವಾಡದ ಸೆಮಿನಾರಿನಲ್ಲಿ ಓದಿ ಚಪ್ಪಾಳೆ ಹೊಡೆಸಿಕೊಂಡವನು. ಊರಿಗೆ ಬಂದಾಗ ಅಮ್ಮ ಕೇಳಿದ್ದಳು:

"ನನ್ ಮೇಲೆ ಏನೋ ಬರ್ದಿದೀಯಂತೆ?"

"ನಿನ್ ಮೇಲಲ್ಲಮ್ಮ. ವ್ಯವಸ್ಥೆ ಮೇಲೆ."

"ಹಾಗಾ? ವ್ಯವಸ್ಥೆ ಕಾಫಿ ಸೋಸಿಟ್ಟಿದೆ. ಆರೋಗತ್ತೆ, ಕುಡಿ."

ಪರೀಕ್ಷೆಗೆಂದು ಅವನು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದ. ನಾಯಿ ಅಲ್ಲೇ ಇತ್ತು. ಬಚ್ಚಲಿಗೆ ಹೋಗಿ ಬೆರಳಿಗೆ ಪಟ್ಟಿ ಸುತ್ತಿಕೊಂಡು ಬಂದ. ಅಲ್ಲೇ ಇತ್ತು. ಬಾಗಿಲ ಮರೆಯಿಂದ ಕಳ್ಳನಂತೆ ಇಣುಕಿದ. ಅಲ್ಲೇ. ಅವನು ಚಪ್ಪಾಳೆ ತಟ್ಟಿದ, ತನಗೆ ತಾನೇ.

ಮುಂದಿನ ಎರಡು ಗಂಟೆ ಅವನ ಬದುಕಿನಲ್ಲೇ ಅತಿ ಸುಲಭವಾದ ಎರಡು ಗಂಟೆ. ಕಿವಿಯ ಹಿಂದಿನ ಗಂಟು ಇಡಿಯಾಗಿ ಉದುರಿತು. ಬೆನ್ನ ಮೇಲೆ ಟ್ರಿಮ್ಮರು ಗದ್ದೆಯಲ್ಲಿ ನೇಗಿಲು ಹೋದಂತೆ ಹೋಯಿತು. ಕಾಲೆತ್ತಿದರೆ ಕಾಲು, ಬಾಲವೆತ್ತಿದರೆ ಬಾಲ. ಎತ್ತಿದ್ದನ್ನು ಬಿಟ್ಟರೆ ಮೊದಲಿದ್ದ ಜಾಗಕ್ಕೇ ಹೋಗಿ ನಿಲ್ಲುತ್ತಿತ್ತು. ಹುಣ್ಣುಗಳಿಗೆ ಅರಿಶಿನ ಕಲಸಿದ ಕೊಬ್ಬರಿ ಎಣ್ಣೆ ಸವರಿದ. ಬದರಿ ಶಿಳ್ಳೆ ಹಾಕಿದ. ನಾಯಿಗೆ ತನ್ನ ಪ್ರಬಂಧದ ಸಾರಾಂಶ ಹೇಳಿದ. ಪ್ರಿನ್ಸಿಪಾಲರ ನಡಿಗೆಯನ್ನು ಅಭಿನಯಿಸಿ ತೋರಿಸಿದ. ಅದು ಕಣ್ಣು ಮಿಟುಕಿಸದೆ ಕೇಳಿತು. ಇಂಥ ಕ್ಲಾಸು ಅವನಿಗೆ ಹಿಂದೆ ಸಿಕ್ಕಿರಲಿಲ್ಲ. ಕಾಫಿ ಮಾಡಿಕೊಂಡ. ಲೋಟದಲ್ಲಿ ನಾಯಿಯ ಕೂದಲು ತೇಲಿತು. ಕಂಬಳಿಯಲ್ಲಿ ಉಂಡವನು ಕೂದಲಿಗೆ ಹೆದರಬಾರದೆಂದು ಅದನ್ನೂ ಕುಡಿದ.

ಎರಡೂವರೆಗೆ ನಾಯಿಯ ಫೋಟೋ ತೆಗೆದು ಹೆಂಡತಿಗೆ ಕಳಿಸಿದ. ಕ್ಷಣದಲ್ಲಿ ಅವಳ ವಾಯ್ಸ್ ಮೆಸೇಜು ಬಂತು, ಹಿಂದೆ ನಾಮಕರಣದ ಗದ್ದಲ:

"ಅಯ್ಯೋ ರೀ, ನಿಜವಾಗ್ಲೂ ನೀವೇ ಮಾಡಿದ್ದಾ? ಎಷ್ಟ್ ಚೆನ್ನಾಗಿದಾನ್ರೀ! ವೇಣೂಗೆ ಬೇಡ ಅಂತ ಹೇಳ್ಬಿಟ್ಟೆ. ಅವನು ನಮ್ಮನ್ನ ಮನೆಗೆ ಬಿಟ್ಟು ಹೋಗ್ತಾನೆ, ಅಷ್ಟೇ. ಶುಂಠಿ ಎಲ್ಲೂ ಹೋಗಲ್ಲ."

ಅವನು ಅದನ್ನು ಮೂರು ಸಲ ಕೇಳಿಸಿಕೊಂಡ. ಹೆಂಡತಿ ತನ್ನನ್ನು ಹೊಗಳಿ ಎಷ್ಟು ವರ್ಷವಾಗಿತ್ತೋ. ಮೈ ಹಗುರಾಗಿ, ತಲೆ ತಿರುಗಿದಂತಾಗಿ, ಹಜಾರದಲ್ಲಿ ಒಂದು ಸುತ್ತು ಕುಣಿದೂಬಿಟ್ಟ. ನಲವತ್ತೇಳರ ಪ್ರಾಧ್ಯಾಪಕ, ಬನಿಯನ್ನಿನ ತುಂಬ ನಾಯಿಯ ಕೂದಲು.

"ಗೆದ್ವಿ ಕಣೋ!" ಎಂದು ನಾಯಿಯ ಕಡೆ ತಿರುಗಿದ. "ಮುಗೀತು. ಹೋಗು, ಓಡಾಡ್ಕೋ ಹೋಗು."

ಶುಂಠಿ ನಿಂತೇ ಇತ್ತು.

ಆಗಲೇ ಬಾಗಿಲು ತಟ್ಟಿದ ಸದ್ದು. ಪಕ್ಕದ ಮನೆಯ ಲಕ್ಷ್ಮೀದೇವಮ್ಮ ಸೊನೆ ಅವರೆಕಾಯಿಯ ಚೀಲ ಹಿಡಿದು ನಿಂತಿದ್ದರು. ಊರಿನ ಹೊಲದ್ದು ಏನು ಬಂದರೂ ಇವರಿಗೊಂದು ಪಾಲು ಕೊಡುವುದು ಚೂಡಾಮಣಮ್ಮನ ಕಾಲದಿಂದ ನಡೆದುಬಂದದ್ದು.

"ತಗೊಳಿ ಮೇಷ್ಟ್ರೇ. ದೀಪ್ತಮ್ಮ ಇಲ್ವಾ? ಅಯ್ಯಯ್ಯೋ, ಇದೇನು, ನಾಯೀನೋ ಮೇಕೆ ಮರೀನೋ?"

"ನಾನೇ ಮಾಡ್ದೆ," ಎಂದ ಬದರಿ. ಹೆಮ್ಮೆ ಮುಚ್ಚಿಡಲಾಗಲಿಲ್ಲ. "ನೋಡಿ, ಒಂಚೂರೂ ಅಲ್ಲಾಡಲಿಲ್ಲ."

ಲಕ್ಷ್ಮೀದೇವಮ್ಮ ಚೀಲ ಕೆಳಗಿಟ್ಟು ನೋಡಿದರು. ಹಸು ಎಮ್ಮೆ ಸಾಕಿದ ಕಣ್ಣು. ನಗು ಇಳಿಯಿತು.

"ಅದು ನಡುಗ್ತಾ ಐತಲ್ಲ ಮೇಷ್ಟ್ರೇ."

"ಚಳಿ. ಕೂದಲು ಹೋಯ್ತಲ್ಲ."

"ಚಳೀದಲ್ಲ ಇದು. ಎದ್ರಿಕೊಂಡೈತೆ. ಬಿಡ್ರೀ ಪಾಪ ಅದನ್ನ."

"ಬಿಟ್ಟಿದೀನಿ," ಎಂದ ಬದರಿ. "ನಾನೆಲ್ಲಿ ಹಿಡ್ಕೊಂಡಿದೀನಿ?"

ಅವರು ಅವನನ್ನೊಮ್ಮೆ, ನಾಯಿಯನ್ನೊಮ್ಮೆ ನೋಡಿದರು. "ಅಮ್ನೋರು ಇದ್ದಾಗ್ಲೂ ಇಂಗೇ ನಿಂತ್ಕಂತಿತ್ತು. ಊಟ ಆದ್ಮೇಲೆ ಈಚೆ ಬಂದು ಏನೋ ಒಂದ್ ಮಾತು ಅನ್ನೋರು, ಆಗ ಓಡೋದು. ಅದನ್ನ ಅನ್ರಿ ನೀವು." ಅಷ್ಟು ಹೇಳಿ, ಒಲೆಯ ಮೇಲೆ ಹಾಲಿಟ್ಟು ಬಂದದ್ದು ನೆನಪಾಗಿ ಹೊರಟರು.

ಬದರಿ ಚಿಲಕ ಹಾಕಿ ಬಂದು ನಾಯಿಯ ಮುಂದೆ ಕೂತ. ವಿಡಿಯೋದ ಹುಡುಗಿ ಹೇಳಿದ್ದು ಈಗ ನೆನಪಾಯಿತು. ಎದೆಯ ಮೇಲೆ ಕೈಯಿಟ್ಟ. ಬೋಳು ಚರ್ಮದ ಕೆಳಗೆ ಗುಂಡಿಗೆ ಹುಚ್ಚು ಹಿಡಿದಂತೆ ಬಡಿದುಕೊಳ್ಳುತ್ತಿತ್ತು. ಇಷ್ಟು ಹೊತ್ತೂ ಅದು ಹೀಗೇ ಬಡಿದುಕೊಳ್ಳುತ್ತಿದ್ದಿರಬೇಕು. ಅವನು ಶಿಳ್ಳೆ ಹಾಕುವಾಗಲೂ, ಕುಣಿಯುವಾಗಲೂ. ಅವನು ಕೈ ತೆಗೆದ.

ಒಂದು ಮಾತು ಹೇಳಿದರಾಯಿತು. ಮೂರು ಪದ. ಹೇಳಲು ಹೋದ, ನಗು ಬಂತು. ಕೆಮ್ಮಿ ಗಂಟಲು ಸರಿಮಾಡಿಕೊಂಡು ಮತ್ತೆ ಹೋದ. ನಗುವೂ ಬರಲಿಲ್ಲ, ಮಾತೂ ಬರಲಿಲ್ಲ.

ಆ ಮಾತನ್ನು ಅವನು ಯಾವತ್ತೂ ಹೇಳಿದವನಲ್ಲ. ಅದು ಅವನಿಗೆ ಹೇಳಿದ ಮಾತು.

ಎಂಟು ವರ್ಷದವನಿದ್ದಾಗ, ಗೌರಿ ಹಬ್ಬದ ದಿನ, ರಸ್ತೆಯಲ್ಲಿ ಬಿದ್ದು ಮೊಣಕಾಲು ಒಡೆದುಕೊಂಡು ಅಳುತ್ತ ಅಮ್ಮನ ಕಡೆ ಓಡಿದ್ದ. ಅಂಗೈ ಮೇಲೆದ್ದಿತು. ಮಡಿ! ಅವನು ನಡುಮನೆಯಲ್ಲಿ ನಿಂತ. ರಕ್ತ ಪಾದದವರೆಗೆ ಇಳಿದು ಒಣಗಿತು. ಪೂಜೆಯಾಯಿತು, ನೈವೇದ್ಯವಾಯಿತು, ಬ್ರಾಹ್ಮಣರ ಊಟವಾಯಿತು, ಕೊನೆಗೆ ಅಮ್ಮನ ಊಟ. ಆಮೇಲೆ ಅವಳು ಬಂದು "ಆಯ್ತು ಬಾ, ಮುಟ್ಕೋ" ಎಂದು ಅವನನ್ನು ಅವಚಿಕೊಂಡಳು. ನಮ್ಮ ಬದರಿಯಂಥ ಶಾಂತ ಮಗು ಇಡೀ ಬೀದಿಯಲ್ಲಿಲ್ಲ ಎಂದು ಬಂದವರೆಲ್ಲ ಹೇಳಿದರು. ಅವನಿಗೆ ಹೆಮ್ಮೆಯಾಗಿತ್ತು. ಅಂದಿನಿಂದ ಎಲ್ಲ ಕಡೆಯೂ ಅವನದು ಅದೇ ಹೆಸರು. ಮೀಟಿಂಗಿನಲ್ಲಿ ಶಾಂತ. ದೀಪ್ತಿ ಅತ್ತಾಗ ಶಾಂತ. ಮಗಳು ಹುಟ್ಟಿದಾಗ ನರ್ಸಿನ ಕೈಯಿಂದ ಯಾರಾದರೂ ತೆಗೆದುಕೊಂಡು ತನಗೆ ಕೊಡಲಿ ಎಂದು ಒಂದು ಮಾರು ದೂರ ನಿಂತೇ ಇದ್ದ.

ಐಸಿಯುವಿನಲ್ಲೂ ಹಾಗೇ. ಆರು ದಿನ ಸ್ನಾನವಿಲ್ಲದೆ, ಗುರುತಿಲ್ಲದ ಹತ್ತು ಕೈಗಳು ಹೊರಳಿಸಿ ಮಲಗಿಸಿದ ಅಮ್ಮ. ಗಂಟಲಲ್ಲಿ ನಳಿಕೆ. ಅವನು ಕಾಲುದೆಸೆಯಲ್ಲಿ, ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದ. "ಸರ್, ಕೈ ಹಿಡ್ಕೊಳಿ, ಅವ್ರಿಗೆ ಗೊತ್ತಾಗತ್ತೆ," ಎಂದಳು ನರ್ಸ್. ಅಮ್ಮ ಕಣ್ಣು ಬಿಟ್ಟಳು. ಹಾಸಿಗೆಯಿಂದ ಅವಳ ಅಂಗೈ ಎರಡಂಗುಲ ಮೇಲೆದ್ದಿತು. ಬಾ ಎಂದಳೋ, ಮುಟ್ಟಬೇಡ ಎಂದಳೋ? ಅವನು ಮಾತಿಗೆ ಕಾದ. ನಳಿಕೆಯಿರುವ ಬಾಯಿಂದ ಮಾತು ಎಲ್ಲಿಂದ ಬರಬೇಕು? ಅಂಗೈ ಇಳಿಯಿತು. ಬೆಳಗಿನ ಜಾವ ಫೋನು ಬಂತು. ಅವನು ಅಳಲಿಲ್ಲ, ಎಷ್ಟು ಗಟ್ಟಿ ಮನಸ್ಸು ಎಂದರು.

"ಆಯ್ತು ಬಾ," ಎಂದ ಬದರಿ. "ಮುಟ್ಕೋ."

ನಾಯಿಯ ಎಡಗಿವಿ ಅಲ್ಲಾಡಿತು. ಅಷ್ಟೇ. ಅದು ಅವನನ್ನು ದಾಟಿ ಅಡುಗೆಮನೆಯ ಹೊಸ್ತಿಲನ್ನು ನೋಡುತ್ತಿತ್ತು.

ಅಮ್ಮನ ದನಿ ಮಾಡಿ ಹೇಳಿದ. ಮಡಿ ಎನ್ನುವಾಗ ತಾನಾಗಿ ಬಂದ ದನಿ ಈಗ ನಾಟಕದ ಹೆಣ್ಣುವೇಷದವನ ದನಿಯಂತೆ ಕೇಳಿಸಿತು. ಅವನು ಹೊಸ್ತಿಲಿಗೇ ಹೋಗಿ ನಿಂತು ಹೇಳಿದ. ನಾಯಿ ಅವನ ತಲೆಯ ಮೇಲಕ್ಕೆ ನೋಡಿತು. ಅವನೂ ತಿರುಗಿ ನೋಡಿದ. ಗಳದ ಮೇಲೆ ಅಮ್ಮನ ಮಡಿಸೀರೆ, ಬೂದು ಅಂಚಿನ ಹತ್ತಿ ಸೀರೆ, ಐದು ತಿಂಗಳಿಂದ ಹಾಗೇ ಇತ್ತು. ಅದನ್ನು ಮಡಿಯಲ್ಲಿರುವವರು ತೆಗೆಯಬೇಕು. ಮಡಿಯಲ್ಲಿರುವವರು ಮನೆಯಲ್ಲಿ ಯಾರೂ ಇರಲಿಲ್ಲ. ಸೆಮಿನಾರಿನಲ್ಲಿ ವ್ಯವಸ್ಥೆಯನ್ನು ನುಚ್ಚುನೂರು ಮಾಡಿದವನು ಅದರ ಕೆಳಗೆ ತಲೆ ಬಗ್ಗಿಸಿ ಓಡಾಡಿಕೊಂಡಿದ್ದ.

ಒಂದು ಹುಚ್ಚು ಖುಷಿ ಅವನನ್ನು ಹಿಡಿಯಿತು. ಮೂಲೆಯ ಕೋಲನ್ನೂ ತೆಗೆದುಕೊಳ್ಳದೆ, ಸ್ಟೂಲು ಹತ್ತಿ, ನಾಯಿಯ ಕೂದಲು ಮೆತ್ತಿದ ಎರಡು ಕೈಯಿಂದಲೂ ಸೀರೆಯನ್ನು ಸೆಳೆದುಕೊಂಡ. ಧೂಳು ಅವನ ತಲೆಯ ಮೇಲೆ ಉದುರಿತು. ಸೀನಿದ. ನಕ್ಕ. ಸೀರೆಯನ್ನು ಹೆಗಲಿಗೆ ಹಾಕಿಕೊಂಡು ಹಜಾರಕ್ಕೆ ಬಂದು, ನಾಯಿಯ ಎದುರು ನಿಂತು, ಅದರ ಕತ್ತಿನ ಕಡೆ ಕೈ ಚಾಚಿದ.

"ಆಯ್ತು. ಎಲ್ಲಾ ಆಯ್ತು. ಬಾ."

ಶುಂಠಿ ಸೀರೆಯನ್ನು ಮೂಸಿತು. ಆಮೇಲೆ ಎರಡು ಹೆಜ್ಜೆ ಹಿಂದಕ್ಕೆ ಸರಿಯಿತು, ಸೀರೆ ತನಗೆ ಸೋಕದಷ್ಟು ದೂರ. ಮತ್ತೆ ನೆಟ್ಟಗೆ ನಿಂತಿತು. ಕಲಿತದ್ದನ್ನು ಚೆನ್ನಾಗಿ ಕಲಿತಿತ್ತು.

ಕಾಲಿಂಗ್ ಬೆಲ್ ಆಯಿತು.

"ರೀ, ಬಾಗ್ಲು ತೆಗೀರಿ! ಎಲ್ಲಿ ನಮ್ ಹೀರೋ?" ದೀಪ್ತಿಯ ದನಿಯಲ್ಲಿ ನಗು ತುಂಬಿತ್ತು. ಹಿಂದೆಯೇ ಆರಾಧನಾ, "ಅಪ್ಪಾ! ಶುಂಠೀನ ಬಿಡು, ನಾನೇ ಎತ್ಕೋತೀನಿ!"

ಚಿಲಕಕ್ಕೆ ಎಂಟು ಹೆಜ್ಜೆ. ಹೋಗಿ ತೆಗೆದರಾಯಿತು. ಹೋಗಬೇಕೆಂದು ಅವನಿಗೆ ಪ್ರಾಣ ಹೋಗುವಷ್ಟು ಆಸೆಯಾಯಿತು. ಬಾಗಿಲು ತೆಗೆದು ಇಬ್ಬರನ್ನೂ ಅವಚಿಕೊಂಡು ಗೊಳೋ ಎಂದು ಅಳಬೇಕೆನಿಸಿತು. ಚಾಚಿದ ಕೈ ಮಾತ್ರ ಚಾಚಿದಲ್ಲೇ ಇತ್ತು. ಕಾಲುಗಳು ಕೆಂಪು ನೆಲದ ಮೇಲೆ ಜೋಡಿಸಿಟ್ಟಂತಿದ್ದವು. ಯಾರಾದರೂ ಒಂದು ಮಾತು ಹೇಳಲಿ ಎಂದು ಅವನು ಕಾದ.

ಬೆಲ್ ಮತ್ತೆ ಆಯಿತು. "ಭಾವ, ಇದೀರಾ?" ಇದು ವೇಣು. ಯಾರೋ ಬಾಗಿಲನ್ನು ಅಂಗೈಯಿಂದ ಬಡಿದರು.

ಹಜಾರದಲ್ಲಿ ನಾಯಿ ನಿಂತಿತ್ತು, ಬದರಿ ನಿಂತಿದ್ದ. ಮೇಲೆ ಫ್ಯಾನು ತಿರುಗುತ್ತಿತ್ತು. ಅದರ ಗಾಳಿಗೆ ಕತ್ತರಿಸಿ ಬಿದ್ದ ಕೂದಲು ಉಂಡೆಉಂಡೆಯಾಗಿ ಎದ್ದು, ಇಬ್ಬರ ಕಾಲುಗಳ ನಡುವೆ ನುಸುಳಿ, ಬಾಗಿಲ ಸಂದಿನ ಕಡೆ ಉರುಳಿಕೊಂಡು ಹೋಗುತ್ತಿತ್ತು.